ಹಿಂದು ಮುಂದು ಗೊತ್ತಿಲ್ಲದ ಮೇಷ್ಟ್ರು

ಶ್ರೀ

ಕೃಷ್ಣರಾಜನಗರ
12 ಆಗಸ್ಟ್ 2024

ಸರ್ವಮಂಗಳ,

ಕ್ಷೇಮ ಕೇಳಲು ಈ ಕಾಗದ ಬರೆಯುತ್ತಿಲ್ಲ. ನೀನು ಹುಣಸೂರು ಕಡೆಯ ಗುರುಪುರದಲ್ಲಿ ಶೆಡ್ಡು ಹಾಕಿಕೊಂಡು ಹೆಣ್ಣುಮಕ್ಕಳಿಗೆ ತಾಮ್ರದ ಉಬ್ಬು ಕೆಲಸ ಕಲಿಸುತ್ತಿದ್ದೀಯೆಂದು ವೀರಗಾಸೆಯ ಲಿಂಗಣ್ಣ ಹೇಳಿದ. ವಿಳಾಸ ಕೊಟ್ಟವನೂ ಅವನೇ. ಫೋನ್ ನಂಬರನ್ನೂ ಕೊಟ್ಟ, ಅದರಿಂದ ನನಗೇನು ಉಪಯೋಗ? ನಲವತ್ತೈದು ವರ್ಷ ತಗಡು ಬಡಿದು ಎರಡು ಕಿವಿಯೂ ಹೋಗಿವೆ. ಹೇಳಬೇಕಾದ್ದನ್ನು ಸುನಂದ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳ ಮಾತನ್ನು ನಾನು ಪೂರ್ತಿ ತಿಳಿದುಕೊಳ್ಳುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಭೇರ್ಯದ ಪಕ್ಕದ ಹಳ್ಳಿಯ ವೀರಭದ್ರನ ಹಲಗೆ ನಿನಗೆ ನೆನಪಿರಲೇಬೇಕು. 2003ರಲ್ಲಿ ನಮ್ಮ ಶೆಡ್ಡಿನಿಂದ ಹೋದದ್ದು. ಮೊಳದುದ್ದದ ತಾಮ್ರದ ತಗಡು. ವರ್ಷವೆಲ್ಲ ಗುಡಿಯೊಳಗೆ ಪೂಜೆಗೆ ಇರುತ್ತದೆ, ಕಡೇ ಕಾರ್ತಿಕ ಸೋಮವಾರ ಲಿಂಗಣ್ಣ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಕುಣಿಯುತ್ತಾನೆ. ಇಪ್ಪತ್ತೊಂದು ವರ್ಷ ಆ ಊರಿನವರು ಅದಕ್ಕೆ ಕೈಮುಗಿದರು. ಹೋದ ತಿಂಗಳು ಗುಡಿಯ ದುರಸ್ತಿಗೆಂದು ಯಾರೋ ಜೋಯಿಸರನ್ನು ಕರೆಸಿದ್ದಾರೆ. ಅವರು ಹಲಗೆ ನೋಡಿದವರೇ, ದೇವರ ಕತ್ತಿ ಎಡಗೈಯಲ್ಲಿದೆ, ಗುರಾಣಿ ಬಲಗೈಯಲ್ಲಿದೆ, ಇದು ದೋಷ ಎಂದಿದ್ದಾರೆ. ಅಲ್ಲಿಯವರೆಗೆ ಒಬ್ಬನಿಗೂ ಕಂಡಿರಲಿಲ್ಲ. ಎದುರು ನಿಂತು ನೋಡುವವನ ಬಲಕ್ಕೆ ಕತ್ತಿ ಕಾಣುತ್ತದೆ, ಅಷ್ಟು ಸಾಕಾಗಿತ್ತು ಅವರಿಗೆ. ನೋಡುವವನ ಬಲ ಬೇರೆ, ದೇವರ ಬಲ ಬೇರೆ ಎಂದು ಯೋಚಿಸಿದವರೇ ಇಲ್ಲ. ಈಗ ಊರಿನ ಟ್ರಾನ್ಸ್‌ಫಾರ್ಮರ್ ಮೂರು ಸಲ ಸುಟ್ಟುಹೋದದ್ದಕ್ಕೂ ಆ ಎಡಗೈ ಕತ್ತಿಯೇ ಕಾರಣವಂತೆ.

ಹಲಗೆಯನ್ನು ಕರಗಿಸಿ, ಮೆಷಿನ್ನಿನಲ್ಲಿ ಅಚ್ಚು ಒತ್ತಿದ ಹೊಸದೊಂದನ್ನು ತರುತ್ತಾರಂತೆ. ಆದರೆ ಪೂಜೆಗೊಂಡ ರೂಪವನ್ನು ಹಾಗೇ ಬೆಂಕಿಗೆ ಹಾಕುವಂತಿಲ್ಲ. ಕಣ್ಣು ತೆರೆಸಿದ ಕೈಯೇ ಕಣ್ಣು ಮುಚ್ಚಿಸಬೇಕು. ನನ್ನ ಗುರುಗಳ ಕಾಲದಿಂದ ನಡೆದು ಬಂದ ಪದ್ಧತಿ, ನಿನಗೂ ಹೇಳಿದ್ದೇನೆ. ಮಾಡಿದವನೇ ಬಂದು ಮೊದಲು ಎರಡು ಕಣ್ಣು ಬಡಿದು ಚಪ್ಪಟೆ ಮಾಡಿ, ಆಮೇಲೆ ಮಿಕ್ಕ ರೂಪ ಇಳಿಸಬೇಕು. ಬೇರೆಯವರ ಸುತ್ತಿಗೆ ಅದಕ್ಕೆ ತಾಗಕೂಡದು. ನವೆಂಬರ್ ಹತ್ತನೇ ತಾರೀಕು ಭಾನುವಾರ ಸುತ್ತಿಗೆ ತೆಗೆದುಕೊಂಡು ಬನ್ನಿ ಎಂದು ನನಗೆ ಹೇಳಿ ಕಳಿಸಿದ್ದಾರೆ.

ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಗುಡಿ ಸಮಿತಿಯ ಮಹದೇವಪ್ಪ ಸಭೆಯಲ್ಲಿ ಅಂದ ಮಾತನ್ನೂ ಲಿಂಗಣ್ಣ ತಂದ. ಸುನಂದ ಬರೆಯಲೋ ಬೇಡವೋ ಎಂದು ಬಳಪ ಹಿಡಿದು ಕೂತಿದ್ದಳು, ನಾನೇ ಬರಿ ಎಂದೆ. ‘ಹಿಂದು ಮುಂದು ಗೊತ್ತಿಲ್ದಿರೋ ಮೇಷ್ಟ್ರು ಕಣ್ರಪ್ಪ ಅವ್ನು. ಅಂಥೋನ್ ಕೈಗೆ ದೇವ್ರನ್ನ ಕೊಟ್ವಿ.’

ನನಗೆ ಈ ಮಾತು! ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ನಾನು ಹೇಳುವ ಪಾಠವೇ ಹಿಂದು ಯಾವುದು, ಮುಂದು ಯಾವುದು ಎಂಬುದು. ತಗಡನ್ನು ಅರಗಿನ ಮೇಲೆ ಬೋರಲು ಹಾಕಿ ಹಿಂಬದಿಯಿಂದ ಬಡಿಯುತ್ತೇವೆ, ರೂಪ ಮುಂಬದಿಗೆ ಏಳುತ್ತದೆ. ಹಿಂಬದಿಯ ಎಡ ಮುಂಬದಿಯ ಬಲ. ಅದಕ್ಕೇ ಚಿತ್ರದ ಹಾಳೆಯ ನೆತ್ತಿಯಲ್ಲಿ ಶ್ರೀ ಬರೆಯುವುದು. ತಗಡಿನ ಹಿಂಬದಿಗೆ ಹಾಳೆ ಇಟ್ಟಾಗ ಶ್ರೀ ಉಲ್ಟಾ ಕಾಣಬೇಕು. ನೆಟ್ಟಗೆ ಕಂಡರೆ ಹಾಳೆ ತಪ್ಪಾಗಿ ಕೂತಿದೆ ಎಂದು ಅರ್ಥ. ನೂರಾರು ಮಕ್ಕಳಿಗೆ ಇದನ್ನು ಹೇಳಿಕೊಟ್ಟವನಿಗೆ ಹಿಂದು ಮುಂದು ಗೊತ್ತಿಲ್ಲವಂತೆ.

ಆ ಹಲಗೆ ಮಾಡಿದವನು ನಾನಲ್ಲ, ನೀನು. ಟೈಫಾಯ್ಡ್ ಬಂದು ನಾನು ಒಂಬತ್ತು ದಿನ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ನೀನೊಬ್ಬಳೇ ಕೂತು ಮಾಡಿದ್ದು. ಹತ್ತನೇ ತಾರೀಕು ಬಾ. ಸಭೆಯ ಎದುರು ನಿಂತು, ತಪ್ಪು ನನ್ನದು, ಮೇಷ್ಟ್ರದಲ್ಲ ಎಂದು ಹೇಳು. ನಿನ್ನ ಸುತ್ತಿಗೆಯಲ್ಲೇ ಅದರ ಕಣ್ಣು ಮುಚ್ಚಿಸು. ಬೇರೇನೂ ನಿನ್ನನ್ನು ಕೇಳುವುದಿಲ್ಲ.

ಚನ್ನಬಸವಣ್ಣ


ಗುರುಪುರ
27 ಆಗಸ್ಟ್ 2024

ಮೇಷ್ಟ್ರೇ,

ನಿಮ್ಮ ಕಾಗದ ಎರಡು ಸಲ ಓದಿದೆ. ಮೊದಲ ಸಲ ನಗು ಬಂತು. ಎರಡನೇ ಸಲ ಮೈಯೆಲ್ಲ ಉರಿಯಿತು, ಅವತ್ತು ತರಗತಿಗೆ ರಜೆ ಕೊಟ್ಟುಬಿಟ್ಟೆ.

ಅಂತೂ ಆ ಹಲಗೆ ನನ್ನದು ಎಂದು ನಿಮ್ಮ ಕೈಯಾರೆ ಬರೆದಿರಿ. ಅದಕ್ಕೆ ಇಪ್ಪತ್ತೊಂದು ವರ್ಷ ಬೇಕಾಯಿತು, ಜೋಯಿಸರೊಬ್ಬರು ಬಂದು ತಪ್ಪು ಹುಡುಕಬೇಕಾಯಿತು. ಇಂಥ ವೀರಭದ್ರನನ್ನು ಈ ಸೀಮೆಯಲ್ಲೇ ಯಾರೂ ಬಡಿದಿಲ್ಲ ಎಂದು ಊರೆಲ್ಲ ಹೊಗಳಿದಾಗ ಅದು ಯಾರದಾಗಿತ್ತು? ಕೆಂಪಂಚಿನ ಶಾಲು ಹೊದಿಸಿಕೊಂಡವರು ಯಾರು? ತಲೆಗೆ ಪೇಟ ಇಡಿಸಿಕೊಂಡು, ಹಲಗೆಯನ್ನು ಎದೆಗೆ ಆನಿಸಿಕೊಂಡು ನಿಂತ ಫೋಟೋ ಪೇಪರಿನಲ್ಲಿ ಬಂತಲ್ಲ, ಅದರಲ್ಲಿದ್ದವರು ಯಾರು? ಹುಣಸೂರು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಆ ಪೇಪರು ನೋಡಿದೆ. ಫೋಟೋದ ಕೆಳಗೆ ನಿಮ್ಮ ಹೆಸರಿತ್ತು. ಎರಡು ಸಾಲು ಬರೆದಿದ್ದರು. ನನ್ನ ಹೆಸರಿಗೆ ಅದರಲ್ಲಿ ಜಾಗ ಸಾಲಲಿಲ್ಲ ಅಂತ ಕಾಣುತ್ತದೆ.

ಹೊಗಳಿಕೆ ಬಂದಾಗ ಮೇಷ್ಟ್ರದು, ಬೈಗುಳ ಬಂದಾಗ ಸರ್ವಮಂಗಳಳದು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಈ ಗಾದೆ ನಿಮ್ಮ ಬಾಯಲ್ಲೇ ಕೇಳಿ ಕಲಿತದ್ದು, ಶೆಡ್ಡಿನಲ್ಲಿ ಯಾರ ಉಳಿ ಯಾರು ಮುರಿದರೆಂದು ಜಗಳ ಬಂದಾಗಲೆಲ್ಲ ಹೇಳುತ್ತಿದ್ದಿರಿ.

ತಪ್ಪು ಹೇಗಾಯಿತು ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ನನಗೆ ಆಗ ಹದಿನೇಳು. ನೀವು ಆಸ್ಪತ್ರೆಯಲ್ಲಿ, ಅಮ್ಮಾವ್ರು ನಿಮ್ಮ ಜೊತೆಯಲ್ಲಿ. ಕಾರ್ತಿಕಕ್ಕೆ ಹಲಗೆ ಬೇಕೇ ಬೇಕೆಂದು ಆ ಊರಿನವರು ಬಾಗಿಲಲ್ಲಿ ಕೂತುಬಿಟ್ಟರು. ಅವಸರದಲ್ಲಿ ಹಾಳೆ ತಿರುಗಿಸಿ ಇಟ್ಟಿದ್ದೆ, ಕಣ್ಣಿಗೆ ಬೀಳಲಿಲ್ಲ. ಅಷ್ಟೇ ನಡೆದದ್ದು. ಬೇಕಾದರೆ ಸಭೆಯಲ್ಲಿ ಅದನ್ನೇ ಹೇಳಿ. ಬೇಡವಾದರೆ ಬಿಡಿ. ಶಾಲು ಹೊದ್ದ ಹೆಗಲಿಗೆ ಬೈಗುಳ ಭಾರವಾಗಲಾರದು.

ನನಗೆ ಇಲ್ಲಿ ಹನ್ನೊಂದು ಹೆಣ್ಣುಮಕ್ಕಳಿದ್ದಾರೆ. ನಿಮ್ಮಲ್ಲಿಂದ ಬಂದ ಮೇಲೆ ಇಲ್ಲಿಯ ಟಿಬೆಟನ್ ಕ್ಯಾಂಪಿನ ಅಜ್ಜ ಒಬ್ಬರ ಹತ್ತಿರ ಆರು ವರ್ಷ ಕೆಲಸ ಮಾಡಿದೆ. ಅವರಿಗೆ ಕನ್ನಡ ಬರುತ್ತಿದ್ದದ್ದು ಹತ್ತೋ ಹದಿನೈದೋ ಮಾತು, ಅದರಲ್ಲಿ ಬೈಗುಳ ಒಂದೂ ಇರಲಿಲ್ಲ. ಅವರು ನನ್ನ ಕೆಲಸವನ್ನು ನೋಡಿದರು, ಅದು ಯಾವ ಕೈಯದೆಂದು ಒಂದು ದಿನವೂ ಕೇಳಲಿಲ್ಲ. ನಾನೂ ನನ್ನ ಮಕ್ಕಳನ್ನು ಕೇಳುವುದಿಲ್ಲ.

ಹತ್ತನೇ ತಾರೀಕು ನಾನು ಬರುವುದಿಲ್ಲ.

ಸರ್ವಮಂಗಳ


ಶ್ರೀ

ಕೃಷ್ಣರಾಜನಗರ
9 ಸೆಪ್ಟೆಂಬರ್ 2024

ಸರ್ವಮಂಗಳ,

ನಿನ್ನ ಕಾಗದದ ನೆತ್ತಿಯಲ್ಲಿ ಶ್ರೀ ಇಲ್ಲ. ನಾನು ಕಲಿಸಿದ್ದನ್ನು ಅಲ್ಲಿಂದಲೇ ಬಿಟ್ಟಿದ್ದೀಯ, ಸಂತೋಷ.

ಸುಳ್ಳು ಹೇಳುವುದಾದರೆ ಕಸುಬು ಗೊತ್ತಿಲ್ಲದವರಿಗೆ ಹೇಳು. ಹಾಳೆ ತಿರುಗಿತ್ತಂತೆ! ಆ ಹಲಗೆಯ ಪ್ರಭಾವಳಿಯ ನೆತ್ತಿಯಲ್ಲಿ ಅಕ್ಕಿಕಾಳಿನಷ್ಟು ಶ್ರೀ ಇದೆ. ನನ್ನ ಹಾಳೆಯಿಂದಲೇ ಇಳಿದದ್ದು. ಅದು ನೆಟ್ಟಗಿದೆ. ದೇವರ ಬಲಗಾಲಿನ ಹತ್ತಿರ ಕುರಿತಲೆಯ ದಕ್ಷ ನಿಂತಿರಬೇಕು, ಅವನೂ ಬಲಗಾಲಿನ ಹತ್ತಿರವೇ ನಿಂತಿದ್ದಾನೆ. ಹಾಳೆ ತಿರುಗಿದ್ದರೆ ಶ್ರೀ ತಿರುಗಬೇಕಿತ್ತು, ದಕ್ಷ ತಿರುಗಬೇಕಿತ್ತು. ತಿರುಗಿರುವುದು ಕೈ ಮಾತ್ರ. ಕೈಯನ್ನು ನೀನು ಗೊತ್ತಿದ್ದೇ ತಿರುಗಿಸಿದೆ. ನನ್ನ ಗೆರೆಯನ್ನು ಅಳಿಸಿ, ನಿನ್ನ ಗೆರೆ ಎಳೆದು, ಎಡಗೈಗೆ ಕತ್ತಿ ಕೊಟ್ಟೆ. ಆಸ್ಪತ್ರೆಯಿಂದ ಬಂದ ದಿನವೇ ನನಗೆ ಇದು ಕಂಡಿದೆ. ಜೋಯಿಸರು ಹೇಳಬೇಕಾಗಿರಲಿಲ್ಲ.

ಶಾಲಿನ ಮಾತಾಡಿದ್ದೀಯ. ಶೆಡ್ಡು ನನ್ನದು, ತಗಡು ನನ್ನದು, ಚಿತ್ರ ನನ್ನದು. ಗುರುವಿನ ಮನೆಯಿಂದ ಹೊರಟ ಕೆಲಸ ಗುರುವಿನ ಹೆಸರಿನಲ್ಲೇ ಹೋಗುತ್ತದೆ. ನನ್ನ ಮೊದಲ ಹನ್ನೆರಡು ವರ್ಷದ ಕೆಲಸವೆಲ್ಲ ನನ್ನ ಗುರುಗಳ ಹೆಸರಿನಲ್ಲಿ ಹೋಗಿದೆ. ನಾನೇನೂ ಮುಖ ಊದಿಸಿಕೊಂಡು ಬಸ್ಸು ಹತ್ತಲಿಲ್ಲ.

ಇಲ್ಲಿ ನಡೆಯುತ್ತಿರುವುದನ್ನು ಕೇಳು, ನಿನಗೂ ಸ್ವಲ್ಪ ಹೊಟ್ಟೆ ಉರಿಯಲಿ. ಹೋದ ವಾರ ಸಮಿತಿಯವರು ಮತ್ತೆ ಸೇರಿದ್ದರು. ಹೊಸ ಹಲಗೆ ತರುವುದು ಯಾಕೆ, ಇರುವುದನ್ನೇ ಸರಿ ಮಾಡಬಹುದು ಎಂದು ಮಹದೇವಪ್ಪ ಒಂದು ಉಪಾಯ ಹೇಳಿದನಂತೆ. ‘ಮಗುಚಿ ಕಟ್ಕೊಂಡ್ರೆ ಆಯ್ತಪ್ಪ, ಕತ್ತಿ ಬಲಗೈಗೇ ಬತ್ತದಲ್ಲ.’ ನಾಲ್ಕು ಜನ ತಲೆಯಾಡಿಸಿದರಂತೆ. ಹಲಗೆಯ ಬೆನ್ನು ಹೊರಗೆ, ಮುಖ ಒಳಗೆ. ಹಳ್ಳವಾದ ಮೂಗು, ಗುಳಿಬಿದ್ದ ಕಣ್ಣು ಊರಿಗೆ ದರ್ಶನ ಕೊಡಬೇಕು, ಸ್ವಾಮಿ ಮಾತ್ರ ಲಿಂಗಣ್ಣನ ಹೊಕ್ಕಳು ನೋಡಿಕೊಂಡು ಕುಣಿಯಬೇಕು. ಲಿಂಗಣ್ಣ ಆಗುವುದಿಲ್ಲ ಎಂದು ಎದ್ದು ಬಂದನಂತೆ. ಹಾಗಾಗಿ ಕರಗಿಸುವುದೇ ಖಾಯಂ ಆಯಿತು. ಇಂಥವರ ಬಾಯಲ್ಲಿ ನಾನು ಹಿಂದು ಮುಂದು ಗೊತ್ತಿಲ್ಲದವನು.

ಮಾತು ಕೃಷ್ಣರಾಜನಗರಕ್ಕೂ ಬಂದಿದೆ. ಭಾನುವಾರದ ತರಗತಿಗೆ ಒಂಬತ್ತು ಜನ ಬರುತ್ತಿದ್ದರು, ಈಗ ನಾಲ್ಕು. ಒಬ್ಬ ತಂದೆ ಬಂದು, ಮೇಷ್ಟ್ರಿಗೆ ವಯಸ್ಸಾಯಿತು, ಮರೆವು ಶುರುವಾಗಿದೆ ಎಂದು ಸುನಂದಳಿಗೆ ಹೇಳಿ ಮಗನನ್ನು ಬಿಡಿಸಿಕೊಂಡು ಹೋದ. ನನ್ನ ಎದುರಿಗೇ ನಿಂತು ಹೇಳಿದ, ನನಗೆ ಕೇಳುವುದಿಲ್ಲವಲ್ಲ. ಸುನಂದ ಅದನ್ನು ಸ್ಲೇಟಿಗೆ ಬರೆಯಲಿಲ್ಲ. ಅವಳ ಮುಖ ನೋಡಿ ಕೇಳಿ ಬರೆಸಿದೆ.

ನನಗಿರುವುದು ಆ ಒಂದು ಹೆಸರು. ಅದನ್ನು ನೀನು ಕೆಡಿಸಿದೆ, ನೀನೇ ಬಂದು ಸರಿ ಮಾಡು.

ಚನ್ನಬಸವಣ್ಣ


ಗುರುಪುರ
21 ಸೆಪ್ಟೆಂಬರ್ 2024

ಮೇಷ್ಟ್ರೇ,

ಹೌದು. ಗೊತ್ತಿದ್ದೇ ತಿರುಗಿಸಿದೆ. ನಿಮ್ಮ ಮುಂದೆ ಸುಳ್ಳು ನಿಲ್ಲುವುದಿಲ್ಲ ಎಂದು ಬರೆಯುವಾಗಲೇ ಗೊತ್ತಿತ್ತು. ನಿಜ ಹೇಳುವಷ್ಟು ನಿಮ್ಮ ಮೇಲೆ ಮರ್ಯಾದೆ ಉಳಿದಿರಲಿಲ್ಲ, ಅದಕ್ಕೆ ಸುಳ್ಳು ಬರೆದೆ.

ಈಗ ನಿಜ ಹೇಳುತ್ತೇನೆ, ಪೂರ್ತಿ ಓದಿ. ನಮ್ಮಪ್ಪ ಪಿರಿಯಾಪಟ್ಟಣದಿಂದ ನನ್ನನ್ನು ಕರೆದುಕೊಂಡು ಬಂದು ನಿಮ್ಮ ಶೆಡ್ಡಿನಲ್ಲಿ ಬಿಟ್ಟ ದಿನ ನಾನು ಎಡಗೈಯಲ್ಲಿ ಸುತ್ತಿಗೆ ಎತ್ತಿಕೊಂಡೆ. ನೀವು ಕಿತ್ತುಕೊಂಡಿರಿ. ದೇವರ ಕೆಲಸಕ್ಕೆ ಎಡಗೈ ಮುಂದೆ ಮಾಡುತ್ತಾರೇನೇ ಎಂದಿರಿ. ನಮ್ಮಪ್ಪ ತಲೆಯಾಡಿಸಿದ. ಒಂದು ವರ್ಷ ಬಲಗೈಯಲ್ಲಿ ಬಡಿದೆ, ಉಳಿ ಜಾರಿ ಹೆಬ್ಬೆರಳು ಜಜ್ಜಿಕೊಂಡೆ, ನೀವು ಆಚೆ ಹೋದಾಗ ಕೈ ಬದಲಾಯಿಸುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ. ಮಾರನೆಯ ದಿನದಿಂದ ತಾಮ್ರದ ತಂತಿ ಬಂತು. ಬೆಳಿಗ್ಗೆ ಕೂತ ತಕ್ಷಣ ನನ್ನ ಎಡಗೈಯನ್ನು ಸ್ಟೂಲಿನ ಕಾಲಿಗೆ ಸೇರಿಸಿ ಮೂರು ಸುತ್ತು ಸುತ್ತುತ್ತಿದ್ದಿರಿ. ಊಟಕ್ಕೆ ಬಿಚ್ಚುತ್ತಿದ್ದಿರಿ, ಆಮೇಲೆ ಮತ್ತೆ ಕಟ್ಟುತ್ತಿದ್ದಿರಿ. ಮೂರು ತಿಂಗಳು ನನ್ನ ಕೈಗೆ ಉಳಿ ಕೊಡದೆ ಬಲಗೈಯೊಂದರಲ್ಲೇ ಬರೀ ತಗಡು ತಟ್ಟಿಸಿದಿರಿ. ಉಳಿದ ಮಕ್ಕಳು ನನಗೆ ಕಟ್ಟುಹಸು ಎಂದು ಹೆಸರಿಟ್ಟಿದ್ದರು, ನೀವೂ ಒಂದೆರಡು ಸಲ ನಕ್ಕಿದ್ದೀರಿ. ನೊಣ ಮುಖದ ಮೇಲೆ ಕೂತರೆ ಓಡಿಸಲು ಸುತ್ತಿಗೆ ಕೆಳಗಿಡಬೇಕಿತ್ತು.

ನಿಮಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು. ಕಟ್ಟುವವರು ಇರಲಿಲ್ಲ. ಆ ಒಂಬತ್ತು ದಿನ ನಾನು ಎಡಗೈಯಲ್ಲೇ ಬಡಿದೆ. ಅಷ್ಟು ಸುಖವಾಗಿ ಕೆಲಸ ಮಾಡಿದ್ದು ನನಗೆ ಅದೇ ಮೊದಲು. ಸುತ್ತಿಗೆ ಹೇಳಿದ ಕಡೆ ಬೀಳುತ್ತಿತ್ತು. ಮುಖ, ಮೀಸೆ, ದಕ್ಷ, ಎಲ್ಲ ನಿಮ್ಮ ಹಾಳೆಯ ಹಾಗೇ ಮಾಡಿದೆ. ಕೈಗೆ ಬಂದಾಗ ನಿಲ್ಲಿಸಿದೆ. ಎಡಗೈ ಅಷ್ಟು ಕೆಟ್ಟದ್ದಾದರೆ ಸ್ವಾಮಿಯೇ ಆ ಕೈಯಲ್ಲಿ ಕತ್ತಿ ಹಿಡಿದುಕೊಳ್ಳಲಿ ನೋಡೋಣ ಎಂದು ಹಾಳೆಯ ಗೆರೆ ಅಳಿಸಿದೆ. ಸಿಟ್ಟಿನಲ್ಲೇ ಮಾಡಿದೆ, ಇಲ್ಲ ಎನ್ನುವುದಿಲ್ಲ.

ಆ ಎಡ ಮಣಿಕಟ್ಟಿನಲ್ಲಿ ಕಡಗ ಇದೆಯಲ್ಲ, ನೋಡಿದ್ದೀರಾ? ಊರಿನವರೆಲ್ಲ ಕಡಗ ಎಂದುಕೊಂಡಿದ್ದಾರೆ. ಎಣಿಸಿ ನೋಡಿ. ಮೂರು ಸುತ್ತಿದೆ.

ನೀವು ಬಂದಿರಿ. ಹಲಗೆ ಎತ್ತಿ ನೋಡಿದಿರಿ. ಬೈಯುತ್ತೀರಿ ಎಂದು ಕಾದೆ. ಚೆನ್ನಾಗಿದೆ ಎನ್ನುತ್ತೀರೇನೋ ಎಂದೂ ಕಾದೆ, ಹದಿನೇಳು ವರ್ಷದವಳಿಗೆ ಆಸೆಗೇನು ಕಡಿಮೆ. ನೀವು ಅದನ್ನು ಬಟ್ಟೆಯಲ್ಲಿ ಸುತ್ತಿ ಊರಿಗೆ ಒಯ್ದಿರಿ, ಶಾಲು ಹೊದ್ದು ಬಂದಿರಿ. ‘ತಗಡು ಹಾಳು ಮಾಡ್ನಿಲ್ಲ, ಬುಡು’ ಎಂದಿರಿ. ಮಾರನೆಯ ಬೆಳಿಗ್ಗೆ ಮತ್ತೆ ತಂತಿ ಹಿಡಿದುಕೊಂಡು ಬಂದಿರಿ. ಅವತ್ತೇ ನಾನು ಬಸ್ಸು ಹತ್ತಿದ್ದು. ಮುಖ ಊದಿಸಿಕೊಂಡಲ್ಲ, ಕೈ ಉಳಿಸಿಕೊಂಡು.

ಈಗ ನನ್ನದೂ ಒಂದು ಷರತ್ತು. ಹತ್ತನೇ ತಾರೀಕಿನ ಸಭೆಯಲ್ಲಿ ನೀವು ಮೊದಲು ಹೇಳಬೇಕು. ಈ ಹಲಗೆ ಸರ್ವಮಂಗಳ ಮಾಡಿದ್ದು, ನಾನು ಅವಳ ಕೈ ಕಟ್ಟಿಹಾಕಿದ್ದೆ, ಅವಳ ಶಾಲು ನಾನು ಹೊದ್ದೆ. ಈ ಮೂರು ಮಾತು. ಆಮೇಲೆ ನಾನು ಎದ್ದು ನಿಂತು ತಪ್ಪು ನನ್ನದು ಎನ್ನುತ್ತೇನೆ, ಕಣ್ಣನ್ನೂ ನಾನೇ ಮುಚ್ಚಿಸುತ್ತೇನೆ. ಆಗುವುದಾದರೆ ಬರೆಯಿರಿ.

ಸರ್ವಮಂಗಳ


ಗುರುಪುರ
29 ಅಕ್ಟೋಬರ್ 2024

ಮೇಷ್ಟ್ರೇ,

ಐದು ವಾರವಾಯಿತು, ಉತ್ತರವಿಲ್ಲ. ನಾಡಿದ್ದು ದೀಪಾವಳಿ. ಹಬ್ಬ ಕಳೆದರೆ ಹತ್ತನೇ ತಾರೀಕು ಬಂದೇಬಿಡುತ್ತದೆ. ಲಿಂಗಣ್ಣನಿಗೆ ಫೋನ್ ಮಾಡಿದ್ದೆ. ಮೇಷ್ಟ್ರು ಸುತ್ತಿಗೆ ಉಜ್ಜಿ ಇಟ್ಟಿದ್ದಾರೆ, ಬರುತ್ತೇನೆ ಎಂದು ಹೇಳಿ ಕಳಿಸಿದ್ದಾರೆ ಎಂದ. ಬೇರೇನೂ ಹೇಳಲಿಲ್ಲವಾ ಎಂದೆ. ಇಲ್ಲ ಎಂದ.

ಅಂದರೆ ನೀವೇ ಹೋಗಿ ಬಡಿಯುತ್ತೀರಿ. ಬಾಯಿ ಬಿಟ್ಟು ಮೂರು ಮಾತು ಹೇಳುವುದಕ್ಕಿಂತ ಅದು ಸುಲಭ. ಒಂದು ವಿಷಯ ತಿಳಿದಿರಲಿ. ಕಣ್ಣು ತೆರೆಸಿದ ಕೈಯೇ ಮುಚ್ಚಿಸಬೇಕು ಎಂದು ಬರೆದವರು ನೀವು. ನಿಮ್ಮ ಸುತ್ತಿಗೆ ಆ ಕಣ್ಣಿನ ಮೇಲೆ ಬಿದ್ದರೆ, ಅದು ನಿಮ್ಮದೇ ಎಂದು ಊರಿನ ಎದುರು, ದೇವರ ಎದುರು ಕೊನೆಯ ಸಲ ಹೇಳಿದ ಹಾಗಾಗುತ್ತದೆ. ಶಾಲು ಕದ್ದಿರಿ, ಹೋಗಲಿ ಎಂದುಕೊಂಡಿದ್ದೆ. ಇದನ್ನು ಹೋಗಲಿ ಎನ್ನುವುದಿಲ್ಲ.

ಆ ಹಲಗೆ ನನಗೆ ಬೇಕು ಎಂದು ಇಷ್ಟು ವರ್ಷ ಅನ್ನಿಸಿರಲಿಲ್ಲ. ಕರಗಿಸುತ್ತಾರೆ ಎಂದ ಮೇಲೆ ಕೂತರೂ ನಿಂತರೂ ಅದೇ ಕಣ್ಣ ಮುಂದೆ ಬರುತ್ತಿದೆ. ಆಮೇಲೆ ಎಷ್ಟೋ ಕೆಲಸ ಮಾಡಿದ್ದೇನೆ, ಅಂಥದು ನನ್ನ ಕೈಯಿಂದ ಮತ್ತೆ ಬಂದಿಲ್ಲ.

ಸರ್ವಮಂಗಳ


ಶ್ರೀ

ಕೃಷ್ಣರಾಜನಗರ
12 ನವೆಂಬರ್ 2024

ಸರ್ವಮಂಗಳ,

ಉತ್ತರ ಬರೆಯಲಿಲ್ಲ, ಯಾಕೆಂದರೆ ಏನು ಬರೆದರೂ ಜಗಳವೇ ಆಗುತ್ತಿತ್ತು. ನಿನ್ನ ಸೆಪ್ಟೆಂಬರ್ ಕಾಗದವನ್ನು ನಾನು ಹರಿದು ಹಾಕಿದ್ದೆ. ಸುನಂದ ಅಂಟಿಸಿ ತಂದು ತಟ್ಟೆಯ ಪಕ್ಕ ಇಟ್ಟಳು. ತಂತಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಎರಡು ದಿನ ಸ್ಲೇಟು ಮುಟ್ಟಲಿಲ್ಲ, ಅಂದರೆ ಮಾತು ಬಿಟ್ಟಿದ್ದಳು.

ನೀನು ಕೇಳಿದ್ದಕ್ಕೆ ಉತ್ತರ. ಆ ಮೂರು ಸುತ್ತನ್ನು ನಾನು ಮೊದಲ ದಿನವೇ ಎಣಿಸಿದ್ದೇನೆ. ಆಸ್ಪತ್ರೆಯಿಂದ ಬಂದವನು ಹಲಗೆ ಎತ್ತಿ ನೋಡಿದಾಗ ಮೊದಲು ಕಂಡದ್ದು ಕತ್ತಿಯಲ್ಲ, ಆ ಮಣಿಕಟ್ಟು. ಕಟ್ಟು ಹರಿಯಲು ಎಳೆಯುವ ಕೈಯಲ್ಲಿ ನರ ಎದ್ದಿರುತ್ತದಲ್ಲ, ಹಾಗೆ ಎದ್ದಿತ್ತು. ನೀನು ನಿನ್ನ ಕೈ ನೋಡಿಕೊಂಡೇ ಬಡಿದಿದ್ದೆ. ಅವತ್ತು ರಾತ್ರಿ ನಾನೊಬ್ಬನೇ ಒಲೆ ಹಚ್ಚಿ, ಅರಗು ಕಾಯಿಸಿ, ಹಲಗೆಯನ್ನು ಮತ್ತೆ ಕೂರಿಸಿದೆ. ಆ ಕೈಯನ್ನು ಬಡಿದು ಅಳಿಸಿ ಹೊಸ ಕೈ ಎಬ್ಬಿಸಬೇಕೆಂದು ಮೂರು ಸಲ ಸುತ್ತಿಗೆ ಎತ್ತಿದೆ. ಆಗಲಿಲ್ಲ. ಅಂಥ ಮಣಿಕಟ್ಟು ನನ್ನ ಸುತ್ತಿಗೆಯಿಂದ ಒಂದು ದಿನವೂ ಬಂದಿರಲಿಲ್ಲ, ಬರುವುದೂ ಇಲ್ಲ ಎಂದು ಅವತ್ತು ತಿಳಿಯಿತು. ನನ್ನ ಶೆಡ್ಡಿನಲ್ಲಿ ನಾನು ಕಟ್ಟಿಹಾಕಿದ ಕೈ ನನ್ನ ಕೈಗಿಂತ ದೊಡ್ಡದು. ಹೊಟ್ಟೆಕಿಚ್ಚಾಯಿತು. ಅದಕ್ಕೇ ನಿನ್ನ ಹೆಸರು ಹೇಳಲಿಲ್ಲ. ಅದಕ್ಕೇ ಶಾಲು ಹೊದ್ದು ಬಂದ ಮಾರನೆಯ ದಿನ ಮತ್ತೆ ತಂತಿ ತಂದೆ. ಗುರುವಿನ ಹೆಸರು, ಪದ್ಧತಿ ಎಂದೆಲ್ಲ ನಿನಗೆ ಬರೆದೆನಲ್ಲ, ಅದೆಲ್ಲ ಸಬೂಬು.

ಭಾನುವಾರ ಹೋದೆ. ಆ ಶಾಲನ್ನು ಹೊದ್ದುಕೊಂಡೇ ಹೋದೆ. ಸುನಂದ ಸ್ಲೇಟು ಹಿಡಿದು ಜೊತೆಗೆ ಬಂದಳು. ಗುಡಿಯ ಮುಂದೆ ಚಾಪೆ ಹಾಸಿ, ಹಲಗೆಯನ್ನು ಮಣೆಯ ಮೇಲೆ ಇಟ್ಟಿದ್ದರು. ಎಲ್ಲರೂ ಸೇರಿದ್ದರು. ಮಹದೇವಪ್ಪ ಶುರು ಮಾಡಿ ಎಂದು ಕೈಸನ್ನೆ ಮಾಡಿದ. ನಾನು ಎದ್ದು ನಿಂತೆ.

ನೀನು ಕೇಳಿದ್ದು ಮೂರು ಮಾತು, ನಾನು ನಾಲ್ಕು ಹೇಳಿದೆ. ಇದನ್ನು ಮಾಡಿದವಳು ಗುರುಪುರದ ಸರ್ವಮಂಗಳ. ಅವಳು ಎಡಚಿ, ಅವಳ ಎಡಗೈಯನ್ನು ನಾನು ಮೂರು ತಿಂಗಳು ಸ್ಟೂಲಿಗೆ ಕಟ್ಟಿದ್ದೆ. ನೀವು ಹೊದಿಸಿದ ಶಾಲು ಅವಳದು. ಎಡಗೈ ಕತ್ತಿ ಇದೆ ಎಂದು ಅವತ್ತೇ ನನಗೆ ಗೊತ್ತಿತ್ತು, ಗೊತ್ತಿದ್ದೇ ನಿಮಗೆ ತಂದುಕೊಟ್ಟೆ. ಹೇಳಿ ಶಾಲು ತೆಗೆದು ಮಡಿಸಿ ಹಲಗೆಯ ಪಕ್ಕ ಇಟ್ಟೆ.

ಮಾತಾಡುವಾಗ ಎದುರಿಗೆ ಬಾಯಿಗಳು ಆಡುತ್ತಲೇ ಇದ್ದವು. ಒಬ್ಬ ಎದ್ದು ತೋಳೇರಿಸಿದ. ಹೆಂಗಸರ ಕಡೆಯಿಂದಲೂ ಕೈಗಳು ಮೇಲೆದ್ದವು. ಏನು ಬೈದರೋ ನನಗೆ ಒಂದಕ್ಷರ ಕೇಳಲಿಲ್ಲ, ಈ ಕಿವಿಯಿಂದ ಆದ ಉಪಕಾರ ಅದೊಂದೇ. ನಡುವೆ ಹೆದರಿಕೆಯಾಗಿ ಸುನಂದಳ ಕಡೆ ನೋಡಿದೆ. ಸ್ಲೇಟು ಎತ್ತಿ ಹಿಡಿದಿದ್ದಳು. ‘ನಿಲ್ಲಿಸಬೇಡಿ’ ಎಂದು ಬರೆದಿದ್ದಳು.

ಎಲ್ಲ ಮುಗಿದ ಮೇಲೆ ಮಹದೇವಪ್ಪ ಅವಳ ಕೈಯಿಂದ ಸ್ಲೇಟು ಕಿತ್ತುಕೊಂಡು ತಾನೇ ಬರೆದ. ‘ಆದ್ದಾಯ್ತು. ಈಗ ಕಣ್ಣು ಮುಚ್ಚಿಸಿ.’ ನಾನು ಹೇಳಿದೆ, ಕಣ್ಣು ತೆರೆಸಿದ ಕೈ ಇದಲ್ಲಪ್ಪ, ನಾನು ಮುಟ್ಟಿದರೆ ಪದ್ಧತಿ ಕೆಡುತ್ತದೆ, ಊರಿಗೆ ಇನ್ನೂ ದೊಡ್ಡ ದೋಷ. ಅವನು ಜೋಯಿಸರ ಮುಖ ನೋಡಿದ. ಜೋಯಿಸರು ಹೌದೆಂದು ತಲೆಯಾಡಿಸಿದರು. ಅವರು ಬೇರೆ ಏನು ತಾನೇ ಮಾಡಿಯಾರು, ಅವರೂ ಪದ್ಧತಿಯಲ್ಲೇ ಅನ್ನ ತಿನ್ನುವವರು. ಮಹದೇವಪ್ಪ ಮತ್ತೆ ಬರೆದ. ‘ಅಂಗಾರೆ ಆಯಮ್ಮನ್ನೇ ಕರುಸ್ತೀವಿ.’ ನಾನು ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದುಬಂದೆ. ಲಿಂಗಣ್ಣ ಹಲಗೆಯನ್ನು ಎತ್ತಿ ಒಳಗಿಟ್ಟು ಗುಡಿಯ ಬಾಗಿಲು ಎಳೆದುಕೊಂಡ.

ಈ ವಾರವೇ ನಿನ್ನಲ್ಲಿಗೆ ಜನ ಬರುತ್ತಾರೆ. ಎಲೆ ಅಡಿಕೆ ತರುತ್ತಾರೆ. ಕಾರು ತರುತ್ತಾರೆ. ಹೊಸ ಹಲಗೆಯನ್ನೂ ನೀನೇ ಮಾಡು ಎನ್ನಬಹುದು. ಗದರಿಸಲೂಬಹುದು.

ಆಗಸ್ಟಿನಲ್ಲಿ ನಿನ್ನನ್ನು ಬಾ ಎಂದು ಬರೆದೆ. ಈಗ ಹೇಳುತ್ತಿದ್ದೇನೆ, ಬರಬೇಡ. ಯಾರು ಕರೆದರೂ ಬರಬೇಡ. ನೀನು ಬಾರದಿದ್ದರೆ ಅದರ ಮೇಲೆ ಸುತ್ತಿಗೆ ಎತ್ತುವವರಿಲ್ಲ.

ನನ್ನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡ. ದೇವರ ಕೈಯನ್ನು ನಿನ್ನ ಸಿಟ್ಟಿಗೆ ಬಳಸಿದೆಯಲ್ಲ, ಅದನ್ನು ನಾನು ಈಗಲೂ ಒಪ್ಪುವುದಿಲ್ಲ. ಶಾಲನ್ನು ಲಿಂಗಣ್ಣ ತಂದು ಇಲ್ಲಿ ಇಟ್ಟಿದ್ದಾನೆ. ಅದು ನಿನ್ನದು, ಯಾರ ಕೈಯಲ್ಲಿ ಕಳಿಸಲಿ ತಿಳಿಸು.

ಚನ್ನಬಸವಣ್ಣ


ಶ್ರೀ

19 ನವೆಂಬರ್ 2024

ಇಂದ,
ಸರ್ವಮಂಗಳ
ತಾಮ್ರದ ಉಬ್ಬು ಕೆಲಸದ ಕಲಾವಿದೆ ಮತ್ತು ಶಿಕ್ಷಕಿ
ಗುರುಪುರ, ಹುಣಸೂರು ತಾಲ್ಲೂಕು

ಗೆ,
ಶ್ರೀ ಮಹದೇವಪ್ಪನವರು ಮತ್ತು ಸದಸ್ಯರು
ವೀರಭದ್ರಸ್ವಾಮಿ ಗುಡಿ ಸಮಿತಿ

ವಿಷಯ: ವೀರಭದ್ರಸ್ವಾಮಿಯ ಹಲಗೆಯ ಕಣ್ಣು ಮುಚ್ಚಿಸುವ ಬಗ್ಗೆ

ಮಾನ್ಯರೇ,

ಭಾನುವಾರ ನೀವು ಆರು ಜನ ಎಲೆ ಅಡಿಕೆ ಹಿಡಿದು ನನ್ನ ಶೆಡ್ಡಿಗೆ ಬಂದಿದ್ದಿರಿ. ಯೋಚಿಸಿ ಬರವಣಿಗೆಯಲ್ಲಿ ಉತ್ತರ ಕೊಡುತ್ತೇನೆ ಎಂದಿದ್ದೆ. ಉತ್ತರ ಹೀಗಿದೆ.

ಆ ಹಲಗೆಯನ್ನು ಮಾಡಿದವಳು ನಾನು. ಎಡಗೈಯಲ್ಲಿ ಮಾಡಿದೆ. ಗೊತ್ತಿದ್ದೇ ಮಾಡಿದೆ. ನಮ್ಮ ಮೇಷ್ಟ್ರು ಚನ್ನಬಸವಣ್ಣನವರಿಗೆ ಹಿಂದೂ ಗೊತ್ತು, ಮುಂದೂ ಗೊತ್ತು. ಅವರಿಗೆ ನೀವು ಅಂದ ಮಾತನ್ನು, ಅಂದ ಜಾಗದಲ್ಲೇ ನಿಂತು ವಾಪಸು ತೆಗೆದುಕೊಳ್ಳಬೇಕು. ಅವರಿಗೆ ಕಿವಿ ಕೇಳದ ಕಾರಣ ಸ್ಲೇಟಿನ ಮೇಲೂ ಬರೆದು ತೋರಿಸಬೇಕು.

ಹಲಗೆಯ ಕಣ್ಣು ಮುಚ್ಚಿಸಲು ನಾನು ಬರುವುದಿಲ್ಲ. ಈ ಕಾರ್ತಿಕಕ್ಕೂ ಬರುವುದಿಲ್ಲ, ಮುಂದಿನ ಯಾವ ಕಾರ್ತಿಕಕ್ಕೂ ಬರುವುದಿಲ್ಲ. ನಾನು ಬಾರದೆ ಬೇರೆಯವರು ಮುಟ್ಟುವಂತಿಲ್ಲ ಎಂದು ನಿಮ್ಮ ಜೋಯಿಸರೇ ಒಪ್ಪಿದ್ದಾರೆ. 25ನೇ ತಾರೀಕು ಕಡೇ ಸೋಮವಾರ ಲಿಂಗಣ್ಣನವರು ಎಂದಿನಂತೆ ಅದನ್ನೇ ಕಟ್ಟಿಕೊಂಡು ಕುಣಿಯಲಿ. ಮುಖ ಹೊರಗಿರಲಿ.

ನನ್ನ ಸಹಿಯ ಬಗ್ಗೆ ಅನುಮಾನ ಬರಬಾರದೆಂದು ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟನ್ನೂ ಒತ್ತಿದ್ದೇನೆ. ಸರ್ಕಾರಿ ಕಾಗದಕ್ಕೆ ಆಗುವ ಎಡಗೈ ನಿಮಗೂ ಆಗಬಹುದು.

ಸರ್ವಮಂಗಳ

ಪ್ರತಿ: ಶ್ರೀ ಚನ್ನಬಸವಣ್ಣನವರಿಗೆ, ಕೃಷ್ಣರಾಜನಗರ.

ಮೇಷ್ಟ್ರೇ, ಶಾಲು ನನಗೆ ಬೇಡ, ಅಮ್ಮಾವ್ರಿಗೆ ಕೊಡಿ, ಚಳಿಗೆ ಹೊದ್ದುಕೊಳ್ಳಲಿ. ನನ್ನ ಸಿಟ್ಟೂ ಇಳಿದಿಲ್ಲ. ಆ ಸ್ಟೂಲು ಇನ್ನೂ ಶೆಡ್ಡಿನಲ್ಲೇ ಇದೆ ಎಂದು ಲಿಂಗಣ್ಣ ಹೇಳಿದ. ಅದನ್ನು ಒಡೆದು ಅರಗು ಕಾಯಿಸುವ ಒಲೆಗೆ ಹಾಕುವ ದಿನ ತಿಳಿಸಿ. ಅದಕ್ಕೆ ಬರುತ್ತೇನೆ.